ಹಳೆ ಪ್ರೊಸೆಸರ್, ಹೊಸ ಕಾರ್ಡ್ ಮತ್ತು ದಪ್ಪ ರೊಟ್ಟಿ

ಮೊಮ್ಮಕ್ಕಳೇ, ಈ ಸಂಗತಿಯನ್ನು ನಿಮ್ಮ ದೊಡ್ಡಕ್ಕ ನಿಮಗೆಲ್ಲ ಫೋನಿನಲ್ಲಿ ಆಗಲೇ ಹೇಳಿದ್ದಾಳೆ. ಅವಳ ಬಾಯಲ್ಲಿ ಕೇಳಿದರೆ ನಾನು ಬಹಳ ಶಾಣ್ಯಾ ಹೆಂಗಸು. ಅಷ್ಟೇನಿಲ್ಲ. ನಡೆದದ್ದನ್ನು ನಡೆದಂತೆ ಬರೆದಿಡುತ್ತೇನೆ. ಮೂರು ದಿನ ನಾನು ಬಾಯಿ ಮುಚ್ಚಿಕೊಂಡು ಕುಳಿತದ್ದನ್ನೂ ಸೇರಿಸಿ ಬರೆಯುತ್ತೇನೆ, ಯಾಕೆಂದರೆ ಅದನ್ನು ಅವಳು ನನ್ನ ಮೇಲಿನ ಪ್ರೀತಿಗೆ ಹೇಳದೆ ಬಿಟ್ಟುಬಿಡುತ್ತಾಳೆ.

ನಿಮ್ಮ ಮುತ್ಯಾ, ನನ್ನ ಯಜಮಾನರು, ತೀರಿಕೊಂಡ ಮರುವರ್ಷ ನಾನು ಹುಬ್ಬಳ್ಳಿಯ ವಿದ್ಯಾನಗರಕ್ಕೆ, ಮಗಳ ಮನೆಗೆ ಬಂದೆ. ಮಗಳು ಒಬ್ಬ ಇಂಜಿನಿಯರರ ಆಫೀಸಿನಲ್ಲಿ ಮನೆಗಳ ನಕ್ಷೆ ತೆಗೆಯುತ್ತಾಳೆ. ಏಳು ವರ್ಷ ಅವಳು ನಕ್ಷೆ ತೆಗೆದ ಕಂಪ್ಯೂಟರ್ ಅವಳಿಗೆ ಲ್ಯಾಪ್‌ಟಾಪ್ ಬಂದ ಮೇಲೆ ಅವಳ ಮಗಳ, ಅಂದರೆ ದೊಡ್ಡಕ್ಕನ, ಮೇಜು ಸೇರಿತು. ಅದರ ಮೇಲೆ ಅವಳು ಓದುವುದೂ ಉಂಟು, ಆಡುವುದೂ ಉಂಟು. ಆಟವೆಂದರೆ ಐದು ಜನ ಸೇರಿ ಒಂದು ಕೋಟೆ ಕಾಯುವುದು, ಎದುರಿನ ಐದು ಜನ ಅದನ್ನು ಹಿಡಿಯಲು ಬರುವುದು. ಇವಳ ಗುಂಪಿನ ಐವರೂ ಧಾರವಾಡದ ಒಂದೇ ಕಾಲೇಜಿನ ಹುಡುಗಿಯರು. ನಾಲ್ವರು ಧಾರವಾಡದಲ್ಲೇ ಇರುವವರು, ಇವಳೊಬ್ಬಳು ಹುಬ್ಬಳ್ಳಿಯವಳು. ಅವರ ನಾಯಕಿ ಅಲ್ಲೇ ಕಾನೂನು ಓದುತ್ತಾಳೆ. ನಾನು ಅವಳ ಮುಖ ನೋಡಿರಲಿಲ್ಲ, ಸ್ಪೀಕರಿನಲ್ಲಿ ದನಿ ಮಾತ್ರ ಗೊತ್ತಿತ್ತು.

ಕಾಲೇಜುಗಳ ನಡುವೆ ಆ ಆಟದ ಸ್ಪರ್ಧೆ ಬರುವುದಿತ್ತು. ಆದರೆ ಆಟದ ಹೊಸ ಆವೃತ್ತಿ ನಮ್ಮ ಮನೆಯ ಕಂಪ್ಯೂಟರಿನಲ್ಲಿ ತೆರೆಯಲೇ ಇಲ್ಲ. ಅದರ ಚಿತ್ರ ಬರೆಯುವ ಕಾರ್ಡು ತೀರ ಹಳೆಯದಂತೆ. ದೊಡ್ಡಕ್ಕ ಎರಡು ವರ್ಷ ಓಣಿಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಕೂಡಿಸಿದ್ದರಲ್ಲಿ ಹೊಸ ಕಾರ್ಡು ತರಲು ಹೊರಟಳು. "ಆಯಿ, ಆಟೋದಾಗ ಡಬ್ಬಿ ಹಿಡಕೊಂಡು ಕುಂದರಾಕ ಯಾರರ ಬೇಕು, ನೀ ಬಾ" ಎಂದಳು. ಹೋದೆ.

ಹೊರಗಿನವರ ಮುಂದೆ ನನಗೆ ಮಾತು ಬರುವುದಿಲ್ಲ, ನಿಮಗೆ ಗೊತ್ತು. ಬ್ಯಾಂಕಿನಲ್ಲಿ ಸಹಿ ಹಾಕುವಾಗ ಪಕ್ಕದಲ್ಲಿ ಯಾರಾದರೂ ನಿಂತರೆ ನನ್ನ ಪೆನ್ನೂ ನಿಲ್ಲುತ್ತದೆ. ನನ್ನ ತವರು ಶಿರಗುಪ್ಪಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದೆ. ಮಾಸ್ತರರು ಎಬ್ಬಿಸಿ ನಿಲ್ಲಿಸಿದಾಗ ಗೊತ್ತಿದ್ದ ಉತ್ತರವನ್ನೂ ನುಂಗಿಕೊಂಡು ಕುಳಿತವಳು ನಾನು. ಅಂಗಡಿಯಲ್ಲಿ ಕೂಡ ಒಂದು ಸ್ಟೂಲಿನ ತುದಿಗೆ ಕುಳಿತೆ.

ಅಂಗಡಿಯವರು ದೊಡ್ಡಕ್ಕನಿಗೆ "ಪ್ರೊಸೆಸರ್ ಯಾವುದೈತಿ ನಿಂದು?" ಎಂದು ಕೇಳಿದರು. ಅವಳು ಹೇಳಿದಳು. ಅವರು ಕನ್ನಡಕ ತೆಗೆದರು.

"ಎಂಟು ವರ್ಷದ್ದಾ? ತಂಗಿ, ಅದಕ್ಕ ಈ ಕಾರ್ಡ್ ಹಾಕಿದ್ರ ಮುದುಕಗ ಹರೇದ ಹುಡುಗಿ ಗಂಟು ಹಾಕಿದಂಗ ಆಕ್ಕೈತಿ. ಆಕಿ ಓಡೂಣು ಅಂತಾಳ, ಆಂವ ಕುಂದರೂಣು ಅಂತಾನ." ಆಮೇಲೆ ನನ್ನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡರು. "ತಪ್ಪು ತಿಳಕೋಬ್ಯಾಡ್ರಿ ಅಮ್ಮಾರ, ಮಾತಿಗೆ ಅಂದೆ."

ನಿಮ್ಮ ಮುತ್ಯಾ ನನಗಿಂತ ಹದಿಮೂರು ವರ್ಷ ದೊಡ್ಡವರು, ನಾವು ಓಡಬೇಕಾದಾಗ ಓಡಿಯೇ ಬದುಕಿದೆವು ಎಂದು ಹೇಳಬೇಕೆನ್ನಿಸಿತು. ಹೇಳಲಿಲ್ಲ. ಸೆರಗು ಸರಿಮಾಡಿಕೊಂಡೆ.

"ಎಲ್ಲಾ ಹೊಸಾದು ತಗೋ. ಪ್ರೊಸೆಸರ್, ಬೋರ್ಡ್, ಎಲ್ಲಾ" ಎಂದರು ಅವರು.

"ಈಗ ಇದೊಂದ ಕೊಡ್ರಿ ಕಾಕಾ. ಉಳಿದದ್ದು ಮುಂದ ನೋಡೋಣು" ಎಂದಳು ದೊಡ್ಡಕ್ಕ.

ನಮ್ಮ ಮನೆಗೆ ಯಾವ ಹೊಸ ವಸ್ತು ಬಂದರೂ ದೇವರ ಜಗಲಿಯ ಮುಂದೆ ಇಟ್ಟು ವಿಭೂತಿ ಹಚ್ಚದೆ ಬಳಸುವುದಿಲ್ಲ. ಮಿಕ್ಸಿಗೆ ಹಚ್ಚಿದ್ದೇನೆ, ಸ್ಕೂಟರಿಗೆ ಹಚ್ಚಿದ್ದೇನೆ, ನಿಮ್ಮೆಲ್ಲರ ಪಾಟಿಚೀಲಗಳಿಗೂ ಹಚ್ಚಿದ್ದೇನೆ. "ಡಬ್ಬಿಗಷ್ಟ ಹಚ್ಚು ಆಯಿ, ಒಳಗಿಂದನ್ನ ಮುಟ್ಟಬ್ಯಾಡ" ಎಂದು ಹೇಳಿ ದೊಡ್ಡಕ್ಕ ಸ್ನಾನಕ್ಕೆ ಹೋದಳು. ರಟ್ಟಿನ ಡಬ್ಬಿಗೆ ಹಚ್ಚಿ ಏನು ಬಂತು? ನಾಳೆ ಅದು ಅಟ್ಟ ಸೇರುತ್ತದೆ. ದುಡಿಯುವುದು ಒಳಗಿರುವ ವಸ್ತು. ನಾನು ಮೆಲ್ಲಗೆ ತೆರೆದೆ. ಕಪ್ಪು ಬಣ್ಣದ ಕಾರ್ಡು, ಎರಡು ಫ್ಯಾನು, ಕೈಗೆ ಒಳ್ಳೆಯ ಭಾರ. ಮೂರು ಬೆರಳಿನಿಂದ ವಿಭೂತಿ ಎಳೆದೆ. ಒಂದಿಷ್ಟು ಪುಡಿ ಫ್ಯಾನಿನ ರೆಕ್ಕೆಗಳ ನಡುವೆ ಉದುರಿತು. ಬಾಯಿಂದ ಊದಿ, ಮೊದಲಿನಂತೆ ಮುಚ್ಚಿಟ್ಟೆ.

ಆವತ್ತು ಬುಧವಾರ. ದೊಡ್ಡಕ್ಕ ತಾನೇ ಕಂಪ್ಯೂಟರಿನ ಪಕ್ಕದ ತಗಡು ತೆಗೆದು ಕಾರ್ಡು ಕೂಡಿಸಿದಳು. ಆಟ ತೆರೆಯಿತು. ಕೋಟೆಯ ಕಂದಕದ ನೀರಿನಲ್ಲಿ ಮೋಡದ ನೆರಳು ಅಲ್ಲಾಡುವುದನ್ನು ನಾನೂ ಬಾಗಿಲಲ್ಲಿ ನಿಂತು ನೋಡಿದೆ. ಆದರೆ ಜನ ಕೂಡಿ ಗದ್ದಲ ಶುರುವಾದ ಕೂಡಲೇ ಚಿತ್ರ ಅರೆಕ್ಷಣ ನಿಲ್ಲುತ್ತಿತ್ತು, ಆಮೇಲೆ ಒಮ್ಮೆಲೇ ಮುಂದೆ ಹಾರುತ್ತಿತ್ತು. ಅಷ್ಟರಲ್ಲಿ ಇವಳು ಸತ್ತಿರುತ್ತಿದ್ದಳು.

ಸ್ಪೀಕರಿನಲ್ಲಿ ನಾಯಕಿಯ ದನಿ ಬಂತು. "ಏ ಹುಬ್ಬಳ್ಳಿ, ಮತ್ತ ಎಲ್ಲಿ ನಿಂತೀ? ಸಿಗ್ನಲ್ ಬಿದ್ದೈತೇನು?"

"ನಾ ನಿಂತಿಲ್ಲ, ಚಿತ್ರ ನಿಂತೈತಿ!"

"ಹೊಸಾ ಕಾರ್ಡ್ ತಂದೇನಿ ಅಂದಿದ್ದೆಲ್ಲ? ಲಗ್ನದ ಕಾರ್ಡ್ ತಂದೀಯೇನು ಮತ್ತ?"

ಎಲ್ಲರೂ ನಕ್ಕರು. ಇವಳೂ ನಕ್ಕಳು, ಆದರೆ ಕಿವಿ ಕೆಂಪಾಗಿದ್ದವು. ಎರಡು ಆಟ ಇವಳಿಂದಲೇ ಸೋತ ಮೇಲೆ ನಾಯಕಿ ನಗುವುದನ್ನು ನಿಲ್ಲಿಸಿ ಹೇಳಿದಳು:

"ನೋಡವಾ, ಸಿಟ್ಟಾಗಬ್ಯಾಡ. ರವಿವಾರ ಹನ್ನೊಂದಕ್ಕ ಆಡೋಣು. ಆವತ್ತ ಸಂಜೀಕ ಹೆಸರು ಕೊಡಬೇಕು. ಅವತ್ತೂ ಹಿಂಗ ನಿಂತ್ರ ಬ್ಯಾರೇ ಹುಡುಗಿ ಹೆಸರು ಬರೀತೇನಿ. ನನಗೂ ಛಲೋ ಅನಸಂಗಿಲ್ಲ. ಆದ್ರ ನಾಕು ಮಂದಿ ಒಬ್ಬಾಕಿ ಸಲುವಾಗಿ ಸೋಲಬಾರದು."

"ಖರೇ ಐತಿ" ಎಂದಳು ದೊಡ್ಡಕ್ಕ. ಊಟಕ್ಕೆ ಬರಲಿಲ್ಲ.

ನನಗೆ ಮಾತ್ರ ಕಾರಣ ಗೊತ್ತಿತ್ತು. ವಿಭೂತಿ ಫ್ಯಾನಿನಲ್ಲಿ ಸಿಕ್ಕಿ ಆ ಕಾರ್ಡಿನ ಉಸಿರು ಕಟ್ಟಿದೆ! ಬುಧವಾರ ಹೇಳಲಿಲ್ಲ. ಗುರುವಾರ ಅವಳು ಕಾಲೇಜಿನಿಂದ ಬಂದು ಆಟದೊಳಗಿನ ಸೆಟ್ಟಿಂಗ್‌ಗಳನ್ನೆಲ್ಲ ಕಡಿಮೆ ಮಾಡುತ್ತ ಕುಳಿತಳು. ನೀರಿನ ಹೊಳಪು ಹೋಯಿತು, ಮೋಡ ಹೋಯಿತು, ಕೋಟೆ ಮಣ್ಣಿನ ಗೋಡೆಯಂತೆ ಬೋಳಾಯಿತು. ಆದರೂ ನಿಲ್ಲುವುದು ನಿಲ್ಲಲಿಲ್ಲ, ಇನ್ನೂ ಹೆಚ್ಚಾದಂತೆ ಕಂಡಿತು. ಆಗಲೂ ನಾನು ಹೇಳಲಿಲ್ಲ. ಶುಕ್ರವಾರ ಅವಳು, "ಬಿಡು ಆಯಿ, ಅಂಗಡಿ ಕಾಕಾ ಹೇಳಿದ್ದ ಖರೆ" ಎಂದು ಕಂಪ್ಯೂಟರಿನ ಮೇಲೆ ಬಟ್ಟೆ ಮುಚ್ಚಿದಳು.

ಶನಿವಾರ ಬೆಳಿಗ್ಗೆ ಅವಳ ಕೋಣೆಗೆ ಹೋದೆ. ಮಗಳು ಆಫೀಸಿಗೆ ಹೋಗಿದ್ದಳು.

"ತಂಗಿ, ನನ್ನಿಂದ ಒಂದು ತಪ್ಪಾಗೇತಿ. ಡಬ್ಬಿಗೆ ಹಚ್ಚಲಿಲ್ಲ ನಾ. ಒಳಗಿಂದಕ್ಕ ಹಚ್ಚಿದೆ. ಪುಡಿ ಫ್ಯಾನಿನಾಗ ಬಿತ್ತು. ಅದಕ್ಕ ಅದು ಓಡವಲ್ದು."

ಅವಳು ನನ್ನನ್ನೇ ನೋಡಿದಳು. ಆಮೇಲೆ ಹಾಸಿಗೆಯ ಮೇಲೆ ಬಿದ್ದು ನಕ್ಕಳು. "ಆಯಿ! ಮೂರು ದಿನಾ ಇದನ್ನ ಹೊಟ್ಟ್ಯಾಗ ಇಟ್ಕೊಂಡು ಕುಂತಿದ್ದೇನು ನೀ?" ತಗಡು ತೆಗೆದು ನೋಡಿದೆವು. ಕಾರ್ಡಿನ ಮೇಲೆ ನನ್ನ ಮೂರು ಬೆರಳಿನ ಗೆರೆಗಳು ಹಾಗೆಯೇ ಇದ್ದವು. ಒಣ ಬ್ರಷ್ಷಿನಿಂದ ಫ್ಯಾನು ಒರೆಸಿದಳು, ಗೆರೆಗಳನ್ನು ಮಾತ್ರ ಬಿಟ್ಟಳು. "ಕೂಡಸೂವಾಗನ ಗೆರಿ ನೋಡಿದ್ದೆ ನಾ. ಇದರಿಂದ ಏನೂ ಆಗಿಲ್ಲ. ಸುಮ್ಮ ಕೊರಗಬ್ಯಾಡ. ಬಾ, ಖರೇ ರೋಗ ಏನು ಅಂತ ತೋರಸ್ತೇನಿ."

ಆಟ ತೆರೆದು ಪರದೆಯ ಮೂಲೆಯಲ್ಲಿ ಎರಡು ಅಂಕಿ ತೋರಿಸಿದಳು. "ಮ್ಯಾಲಿಂದು ಪ್ರೊಸೆಸರ್, ಕೆಳಗಿಂದು ಕಾರ್ಡ್. ನೂರು ಬಂತಂದ್ರ ಪೂರ್ತಿ ದುಡ್ಯಾಕತ್ತೈತಿ ಅಂತ."

ಮೇಲಿನದು ನೂರು, ತೊಂಬತ್ತೊಂಬತ್ತು, ಮತ್ತೆ ನೂರು. ಕೆಳಗಿನದು ಮೂವತ್ತೆಂಟು, ಮೂವತ್ತೈದು.

"ಹಂಗಾರ ಹೊಸಾದು ಕೆಲಸಾನ ಮಾಡವಲ್ದು" ಎಂದೆ. "ಸುಮ್ಮ ಕುಂತೈತಿ."

"ಹೂಂ. ಪ್ರೊಸೆಸರ್ ಮೊದಲ ಲೆಕ್ಕ ಹಾಕಬೇಕು, ಯಾರು ಎಲ್ಲಿ ನಿಂತಾರ, ಯಾರು ಗುಂಡು ಹಾರಿಸ್ಯಾರ ಅಂತ. ಆಮ್ಯಾಲ ಕಾರ್ಡ್ ಅದರ ಚಿತ್ರ ಬರೀತೈತಿ. ಒಂದು ಸೆಕೆಂಡಿನಾಗ ಹಿಂಗ ಎಷ್ಟೋ ಚಿತ್ರ. ಪ್ರೊಸೆಸರ್ ಮುದುಕ, ಲೆಕ್ಕ ಲಗೂ ಕೊಡಂಗಿಲ್ಲ. ಕಾರ್ಡ್ ಕಾಯ್ತೈತಿ."

"ಮತ್ತ ಎಲ್ಲಾ ಕಡಿಮಿ ಮಾಡಿದ್ದೆಲ್ಲ, ಏನು ಕಡಿಮಿ ಮಾಡ್ದಿ?"

"ಚಿತ್ರ ಸಾದಾ ಮಾಡ್ದೆ. ಕಾರ್ಡಿಗೆ ಹಗುರಾಗ್ಲಿ ಅಂತ."

"ಅದು ಮೊದಲ ಸುಮ್ಮ ಕುಂತೈತಿ. ಅದಕ್ಕ್ಯಾಕ ಹಗುರ?"

ದೊಡ್ಡಕ್ಕ ಪರದೆ ಬಿಟ್ಟು ನನ್ನ ಕಡೆ ತಿರುಗಿದಳು. ನಾನೇನೂ ಪಂಡಿತಳಂತೆ ಕೇಳಿರಲಿಲ್ಲ. ನನ್ನ ಕಣ್ಣಿಗೆ ಆಗ ಕಾಣುತ್ತಿದ್ದದ್ದು ಬೇರೆ.

ನಾನು ಹನ್ನೆರಡರವಳಿದ್ದಾಗ ಜೋಳದ ಸುಗ್ಗಿಯಲ್ಲಿ ನಮ್ಮ ಮನೆಯಲ್ಲಿ ಕೊಯ್ಲಿನವರಿಗೆ ದಿನಾ ಇಪ್ಪತ್ತು ಜನರ ರೊಟ್ಟಿ ಆಗಬೇಕಿತ್ತು. ನಮ್ಮವ್ವ ಬಡಿಯುವವಳು, ಹೊಸದಾಗಿ ಬಂದ ವೈನಿ, ನಮ್ಮಣ್ಣನ ಹೆಂಡತಿ, ಬೇಯಿಸುವವಳು. ಅವ್ವನ ಮಣಿಕಟ್ಟು ಆಗಲೇ ನೋಯುತ್ತಿತ್ತು. ವೈನಿ ಚುರುಕು, ಅವಳ ಮುಂದೆ ಅಗಲವಾದ ಹಂಚು, ಕೆಳಗೆ ಹತ್ತಿ ಕಟ್ಟಿಗೆಯ ಉರಿ. ಅವಳು ರೊಟ್ಟಿಗೆ ನೀರು ಸವರಿ, ಮಗುಚಿ, ತೆಗೆದು, ಮುಂದಿನದಕ್ಕೆ ಕೈ ಚಾಚಿ ಕೂಡುತ್ತಿದ್ದಳು. ಹಂಚು ಬರಿದೇ ಕಾಯುತ್ತಿತ್ತು. ಅವ್ವ ಮೊದಲು ಮಾಡಿದ್ದೇನೆಂದರೆ, ಬೇಗ ಆಗಲಿ ಎಂದು ಚಿಕ್ಕ ಚಿಕ್ಕ, ತೆಳ್ಳನೆಯ ರೊಟ್ಟಿ ಬಡಿಯಲು ಹಿಡಿದಳು. ಅವು ಹಂಚಿನ ಮೇಲೆ ಬೀಳುವಷ್ಟರಲ್ಲಿ ಬೆಂದುಬಿಡುತ್ತಿದ್ದವು. ವೈನಿ ಮತ್ತೆ ಕೈ ಚಾಚುತ್ತಿದ್ದಳು. ಪ್ರತಿ ರೊಟ್ಟಿಗೂ ಹಿಟ್ಟು ನಾದಬೇಕು, ಉಂಡೆ ಮಾಡಬೇಕು, ಬಡಿದು ಎತ್ತಿ ಕೊಡಬೇಕು. ಎಣಿಕೆ ಹೆಚ್ಚಾಯಿತು, ಅವ್ವನ ಕೈ ಸೋತಿತು. ಮೂರನೆಯ ದಿನ ಅವ್ವ ತಾನೇ ದಾರಿ ಕಂಡುಕೊಂಡಳು. ರೊಟ್ಟಿ ದಪ್ಪ ಮಾಡಿದಳು. ಬಡಿತ ಕಡಿಮೆ, ಹಂಚಿನ ಮೇಲೆ ಬೇಯುವ ಹೊತ್ತು ಹೆಚ್ಚು. ಒಂದು ಬೇಯುವಷ್ಟರಲ್ಲಿ ಮುಂದಿನದು ತಯಾರು. ಯಾರೂ ಯಾರಿಗೂ ಕಾಯಬೇಕಾಗಲಿಲ್ಲ. ಕೊಯ್ಲಿನವರು ರೊಟ್ಟಿ ದಪ್ಪ ಎಂದು ಖುಷಿಯೇ ಪಟ್ಟರು.

ಇದನ್ನು ದೊಡ್ಡಕ್ಕನಿಗೆ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ನಾಚಿಕೆಯಾಯಿತು, ಅವಳ ಯಂತ್ರಕ್ಕೂ ನನ್ನ ಒಲೆಗೂ ಏನು ಸಂಬಂಧ ಎಂದು. ಆದರೆ ಅವಳು ಎದ್ದು ನಿಂತಿದ್ದಳು.

"ಆಯಿ, ನಾ ತೆಳ್ಳನ ರೊಟ್ಟಿ ಬಡಿಯಾಕ ಹಚ್ಚೀನಿ! ಚಿತ್ರ ಸಾದಾ ಮಾಡಿದಷ್ಟೂ ಕಾರ್ಡ್ ಇನ್ನೊಂದು ಕೊಡು ಇನ್ನೊಂದು ಕೊಡು ಅಂತ ಪ್ರೊಸೆಸರ್ ಜೀವಾ ತಿನ್ನಾಕತ್ತೈತಿ."

"ಹೌದ್ ನೋಡು. ದಪ್ಪ ಬಡಿ. ಎಣಿಕಿ ಕಡಿಮಿ ಮಾಡು."

ಅವಳು ಸೆಕೆಂಡಿಗೆ ಅರವತ್ತು ಚಿತ್ರಕ್ಕಿಂತ ಹೆಚ್ಚು ಕೇಳಬಾರದು ಎಂದು ಮಿತಿ ಹಾಕಿದಳು. ನಾನು ಹಳೆಯ ನೋಟುಬುಕ್ಕಿನಲ್ಲಿ ನಡುವೆ ಗೆರೆ ಎಳೆದು, ಒಂದು ಕಡೆ 'ಬಡಿಯುವುದು', ಇನ್ನೊಂದು ಕಡೆ 'ಬೇಯಿಸುವುದು' ಎಂದು ಬರೆದೆ. ಅವಳು ಒಂದೊಂದೇ ಸೆಟ್ಟಿಂಗ್ ಓದಿ ಹೇಳುವುದು, ಅದನ್ನು ಮೇಲೆ ಕೆಳಗೆ ಮಾಡುವುದು, ನಾನು ಮೂಲೆಯ ಅಂಕಿ ನೋಡಿ ಯಾವುದು ಅಲ್ಲಾಡಿತೆಂದು ಕೂಗುವುದು. ದೂರದಲ್ಲಿ ಸುಮ್ಮನೆ ಓಡಾಡುವ ಜನ ಎಷ್ಟಿರಬೇಕು ಎಂಬುದು ಬಡಿಯುವ ಕಡೆಗೆ ಬಂತು, ಒಡೆದ ಗೋಡೆಯ ಕಲ್ಲು ಎಷ್ಟು ಹೊತ್ತು ಉರುಳಬೇಕು ಎಂಬುದೂ ಅಲ್ಲಿಗೇ ಬಂತು. ಅವೆಲ್ಲ ಕಡಿಮೆ. ನೀರಿನ ಹೊಳಪು, ಮೋಡ, ಬಟ್ಟೆಯ ನೆಯ್ಗೆ, ಚಿತ್ರದ ನುಣುಪು ಬೇಯಿಸುವ ಕಡೆಗೆ. ಅವೆಲ್ಲ ಹೆಚ್ಚು. ನೆರಳನ್ನು ನಾನು ಬೇಯಿಸುವ ಕಡೆ ಬರೆದಿದ್ದೆ. ಅದನ್ನು ಏರಿಸಿದರೆ ಮೇಲಿನ ಅಂಕಿಯೇ ನೂರಕ್ಕೆ ಜಿಗಿಯಿತು. ಹೊಡೆದು ಹಾಕಿ ಬಡಿಯುವ ಕಡೆ ಬರೆದೆ.

ಕೋಟೆಗೆ ಮತ್ತೆ ಕಳೆ ಬಂತು. ಮೇಲಿನದು ಎಂಬತ್ತೆಂಟು, ಕೆಳಗಿನದು ಎಂಬತ್ತು. ಆದರೂ ನಿಮಿಷಕ್ಕೆ ಒಂದೆರಡು ಸಲ ಮೇಲಿನ ಅಂಕಿ ತಾನಾಗಿಯೇ ನೂರಕ್ಕೆ ಏರಿ ಚಿತ್ರ ತಡವರಿಸುತ್ತಿತ್ತು.

"ಬಡಿಯೋಕೀನ ಯಾರೋ ನಡುವ ನಡುವ ಕರಿಯಾಕತ್ತಾರ" ಎಂದೆ. ಅವ್ವ ಬಡಿಯುವಾಗ ಕರು ಹಗ್ಗ ಬಿಚ್ಚಿಕೊಂಡಿತು, ಬಾಗಿಲಿಗೆ ಯಾರೋ ಬಂದರು ಎಂದು ಕರೆದರೆ ಹಿಟ್ಟು ಒಣಗುತ್ತಿತ್ತು.

ದೊಡ್ಡಕ್ಕ ಹುಡುಕಿದಳು. ಹಿಂದೆ ಓಡುತ್ತಿದ್ದ ಪ್ರೋಗ್ರಾಮುಗಳ ಪಟ್ಟಿ ತೆಗೆದಳು. ಅಲ್ಲಿ ಅವಳ ಅಮ್ಮನ ಹಳೆಯ ನಕ್ಷೆಯ ಪ್ರೋಗ್ರಾಮು ಇತ್ತು. ಕಂಪ್ಯೂಟರ್ ಚಾಲೂ ಆದ ಕೂಡಲೇ ತಾನೂ ಎದ್ದು, ಆಫೀಸಿನಿಂದ ಹೊಸ ನಕ್ಷೆ ಬಂದಿದೆಯೇ ಎಂದು ಘಳಿಗೆಗೊಮ್ಮೆ ಇಣುಕುತ್ತಿತ್ತು. ನಕ್ಷೆ ಬರುವುದು ನಿಂತು ವರ್ಷವಾದರೂ ಅದಕ್ಕೆ ಯಾರೂ ಹೇಳಿರಲಿಲ್ಲ. ಅಷ್ಟರಲ್ಲಿ ಮಗಳು ಆಫೀಸಿನಿಂದ ಬಂದಳು.

"ಯವ್ವಾ, ನೀನೂ ಆಡಾಕ ಕುಂತೇನು?"

"ನಾ ಆಡಾಕತ್ತಿಲ್ಲ. ನಿನ್ನ ನಕ್ಷೆ ಆಡಾಕತ್ತೈತಿ ನೋಡು" ಎಂದೆ.

ಅವಳು ನೋಡಿ, "ಅಯ್ಯ ಶಿವನ, ಇದಿನ್ನೂ ಐತೇನು!" ಎಂದು ತಾನೇ ಅದನ್ನು ತೆಗೆದು ಹಾಕಿದಳು. ಆಮೇಲೆ ಮೇಲಿನ ಅಂಕಿ ಎಂಬತ್ತು ದಾಟುವುದು ಅಪರೂಪವಾಯಿತು.

ರವಿವಾರ ಹನ್ನೊಂದಕ್ಕೆ ಐವರೂ ಕೂಡಿದರು. ಎದುರು ಧಾರವಾಡದ ಇನ್ನೊಂದು ಕಾಲೇಜಿನ ಐವರು. ದೊಡ್ಡಕ್ಕ ನನ್ನನ್ನು ಪಕ್ಕದ ಕುರ್ಚಿಯಲ್ಲಿ ಕೂಡಿಸಿ, "ನೀ ಅಂಕಿ ನೋಡು, ನಾ ಆಟಾ ನೋಡ್ತೇನಿ" ಎಂದಳು. ಮೊದಲ ಆಟದಲ್ಲಿ ಎದುರಿನವರು ಮೂರೂ ದಿಕ್ಕಿನಿಂದ ಬಂದರು. ಬುಧವಾರ ನಿಂತಿದ್ದೂ ಇಂಥ ಕಡೆಯೇ. ನಾನು ಪರದೆಯ ಮೂಲೆಯಲ್ಲಿ ಮೇಲಿನ ಅಂಕಿ ನೋಡುತ್ತಿದ್ದೆ. ಎಪ್ಪತ್ತೆರಡು, ಎಪ್ಪತ್ತೊಂಬತ್ತು, ಎಂಬತ್ತಮೂರು. ಚಿತ್ರ ನಿಲ್ಲಲಿಲ್ಲ. ಇವಳು ಗೋಡೆಯ ಮರೆಯಿಂದ ಒಬ್ಬಳನ್ನು, ಆಮೇಲೆ ಇನ್ನೊಬ್ಬಳನ್ನು ಕೆಡವಿದಳು.

"ಬಾ ನನ್ನ ಹುಬ್ಬಳ್ಳಿ!" ಎಂದು ಸ್ಪೀಕರಿನಲ್ಲಿ ಯಾರೋ ಕೂಗಿದರು.

ಎರಡನೆಯ ಆಟದಲ್ಲಿ ಒಮ್ಮೆ ತಡವರಿಸಿತು, ಸುಳ್ಳು ಹೇಳುವುದಿಲ್ಲ. ಬುರುಜು ಕುಸಿದು ಎಲ್ಲರೂ ಒಂದೇ ಕಡೆ ಕೂಡಿದ್ದರು. ಮೇಲಿನ ಅಂಕಿ ಏರುವುದು ಕಂಡು ನಾನು, "ಹಿಂದ ಸರಿ ತಂಗಿ, ಬಡಿಯೋಕಿ ಸೋತಾಳ!" ಎಂದು ಕೂಗಿಬಿಟ್ಟೆ. ಅವಳು ಸರಿದಳು, ತಡವರಿಕೆ ದಾಟಿತು, ಮತ್ತೆ ನುಗ್ಗಿದಳು. ಕೋಟೆ ಉಳಿಯಿತು. ಮೂರರಲ್ಲಿ ಮೂರೂ ಗೆದ್ದರು. ಕೊನೆಯದರಲ್ಲಿ ಎದುರಿನ ಐವರಲ್ಲಿ ನಾಲ್ವರನ್ನು ಕೆಡವಿದವಳು ನಿಮ್ಮ ದೊಡ್ಡಕ್ಕ.

"ಹೆಸರು ಬರದೆ" ಎಂದಳು ನಾಯಕಿ. "ಹುಬ್ಬಳ್ಳಿ ಮೊದಲನೇ ಸಾಲಿನಾಗ ಐತಿ. ಬ್ಯಾರೇ ಹುಡುಗಿ ಮಾತು ಇನ್ನ ಎತ್ತಂಗಿಲ್ಲ, ಆಣಿ ಮಾಡಿ ಹೇಳ್ತೇನಿ. ಹೊಸಾ ಪ್ರೊಸೆಸರ್ ತಂದೇನು?"

"ಇಲ್ಲ. ಅದ ಹಳೇದು."

"ಸುಳ್ಳ ಹೇಳಬ್ಯಾಡ! ಮತ್ತ ಅಲ್ಲಿ ಕೂಗಿದವರು ಯಾರು? ಬಡಿಯೋಕಿ ಸೋತಾಳ ಅಂತ?"

"ನಮ್ಮ ಆಯಿ. ಆಯಿನ ಎಲ್ಲಾ ಮಾಡಿದ್ದು."

ಸ್ಪೀಕರಿನಲ್ಲಿ ನಾಲ್ಕೂ ದನಿ ಒಮ್ಮೆಲೇ ಎದ್ದವು. ನಾನು ಏಳಲು ಹೋದೆ. ದೊಡ್ಡಕ್ಕ ನನ್ನ ಕೈ ಹಿಡಿದು ಕೂಡಿಸಿ, ಮೈಕು ನನ್ನ ಕಡೆ ತಿರುಗಿಸಿದಳು.

"ಆಯಿ, ನಮಸ್ಕಾರ್ರಿ" ಎಂದಳು ನಾಯಕಿ. ಅಷ್ಟು ದಿನ ಕೇಳಿದ್ದ ಗಡಸು ದನಿ ಅದಲ್ಲವೇ ಅಲ್ಲ. "ನಂದೂ ನಡುವ ನಡುವ ನಿಂದರ್ತೈತ್ರಿ. ಯಾರಿಗೂ ಹೇಳಿಲ್ಲ. ನನ್ನ ಪ್ರೊಸೆಸರ್ ಹೊಸಾದ ಐತ್ರಿ. ಏನ ಮಾಡ್ಲಿ?"

ದೊಡ್ಡಕ್ಕನ ಮುಖ ನೋಡಿದೆ. ಅವಳು ಬೇಕೆಂದೇ ಕಿಟಕಿಯ ಕಡೆ ತಿರುಗಿದಳು.

"ಮೂಲ್ಯಾಗಿನ ಎರಡೂ ಅಂಕಿ ಎಷ್ಟ ಬರ್ತಾವವ್ವಾ?" ಎಂದು ಕೇಳಿದೆ. ನನ್ನ ದನಿ ನನಗೇ ಕೇಳಿಸಿತು.

"ಪ್ರೊಸೆಸರ್ ನಲವತ್ತು. ಕಾರ್ಡ್ ನೂರಕ್ಕ ನೂರು."

"ಹಂಗಾರ ನಿಂದು ಉಲ್ಟಾ. ಬಡಿಯೋಕಿ ಗಟ್ಟಿ ಅದಾಳ, ಹಂಚು ಸಣ್ಣದೈತಿ. ನೀ ತೆಳ್ಳಗ ಬಡಿ."

ಸ್ಪೀಕರಿನಲ್ಲಿ ನಗು ಎದ್ದಿತು. ಅಡುಗೆಮನೆಯಿಂದ ಮಗಳು ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು.

"ತಡೀರಿ, ತಡೀರಿ ಆಯಿ" ಎಂದಳು ನಾಯಕಿ, "ಪೆನ್ನು ತಗೊಂಡೇನಿ. ಮೊದಲಿಂದ ಹೇಳ್ರಿ."

ಮೈಕಿಗೆ ಹತ್ತಿರ ಸರಿದು ಕುಳಿತು, ಮೊದಲಿನಿಂದ ಹೇಳಲು ಶುರು ಮಾಡಿದೆ.